ಗಜಪತಿ ಮಾವ ಸರಳ

ಬೀಗದ ಪುಟ್ಟ ಪರದೆಯ ಮೇಲೆ ಮೊದಲು ಕೆಂಪು ಅಂಕಿಗಳು ಮೂಡಿದವು: 927456183. ಅವು ಅಳಿದು ಹಸಿರು ಅಂಕಿಗಳು ಬಂದವು: 381654729. ಆಮೇಲೆ ಪರದೆ ಕಪ್ಪಾಯಿತು.

ಸಬ್ ಇನ್ಸ್‌ಪೆಕ್ಟರ್ ಸಮೀಕ್ಷಾ ಬಗ್ಗಿದವಳು ಬಗ್ಗಿದಂತೆಯೇ ಉಳಿದಳು.

"ಬಂತಾ ಮೇಡಂ?" ಕಿವಿಯಲ್ಲಿದ್ದ ಫೋನಿನಿಂದ ಬೀಗದ ಕಂಪನಿಯವನು ಕೇಳಿದ. "ಕೊನೆಯ ಎರಡು ಸಲ ಒತ್ತಿದ ನಂಬರ್ ಅದು. ಕೆಂಪು ಅಂದ್ರೆ ತಪ್ಪು ಒತ್ತಿದ್ದು, ಹಸಿರು ಅಂದ್ರೆ ತೆರೆದದ್ದು. ನನಗೆ ಇಲ್ಲಿಂದ ಕಾಣೋದಿಲ್ಲ, ನೀವೇ ಬರ್ಕೊಳ್ಳಿ."

ಬರೆದುಕೊಳ್ಳುವ ಅಗತ್ಯವಿರಲಿಲ್ಲ. ಎರಡನೆಯ ಸಂಖ್ಯೆ ಅವಳಿಗೆ ಹದಿನೇಳನೆಯ ವಯಸ್ಸಿನಿಂದಲೇ ಬಾಯಿಪಾಠ.

ತೀರ್ಥಹಳ್ಳಿಯ ಸೊಪ್ಪುಗುಡ್ಡೆಯ ಈ ಮಹಡಿ ಮನೆಯಲ್ಲಿ, ಇದೇ ಉಕ್ಕಿನ ಬೀರುವಿನ ಬುಡದಲ್ಲಿ, ಕಳೆದ ವಾರ ನಿವೃತ್ತ ಗಣಿತ ಉಪನ್ಯಾಸಕ ಮುಕುಂದಯ್ಯ ತಲೆಗೆ ಪೆಟ್ಟು ಬಿದ್ದು ಸತ್ತಿದ್ದರು. ಬೀರು ತೆರೆದಿತ್ತು, ಒಳಗೆ ಏನೂ ಇರಲಿಲ್ಲ, ಬೀಗಕ್ಕೆ ಒಂದು ಗೀರೂ ಆಗಿರಲಿಲ್ಲ. ಮುರಿಯದೆ ತೆಗೆಯಬಲ್ಲವನು ಬೀಗ ಕೂರಿಸಿದವನೇ ಎಂದು ಸಾಗರದ ಉಮೇಶನನ್ನು ಹಿಡಿದು ತಂದಾಗಿತ್ತು.

ಜೋಗದ ಕ್ವಾರ್ಟರ್ಸಿನಿಂದ ಹಿಡಿದು ತೀರ್ಥಹಳ್ಳಿಯ ಅಂಗಡಿಗಳವರೆಗೆ ನೂರಾರು ಬೀಗ ಕೂರಿಸಿದವನು ಉಮೇಶ. ಅವನ ಹೆಂಡತಿ ಭವ್ಯಾ ತುಂಬಿದ ಹೊಟ್ಟೆ ಹೊತ್ತು ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಬೆಳಿಗ್ಗೆ ಸಮೀಕ್ಷಾಳ ಕೈ ಹಿಡಿದು, "ಅಕ್ಕಾ, ನೀವಾದ್ರೂ ಒಂಚೂರು ನೋಡಿ" ಎಂದಿದ್ದಳು. ಆ ಕೈ ತಣ್ಣಗಿತ್ತು.

ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಇನ್ಸ್‌ಪೆಕ್ಟರ್ ದೀಪಕ್.

"ಸಮೀಕ್ಷಾ ಅವ್ರೇ, ಕಸ್ಟಡಿ ಇವತ್ತಿಗೆ ಮುಗೀತು, ಸಂಜೆ ಉಮೇಶನ್ನ ಮತ್ತೆ ಕೋರ್ಟಿಗೆ ಹಾಜರು ಮಾಡ್ತೀವಿ. ಅಲ್ಲಿಂದ ಸೀದಾ ಜೈಲಿಗೆ. ನನಗೂ ಪಾಠ ಹೇಳಿದ ಮೇಷ್ಟ್ರು ಅವ್ರು. ಬೀಗದಲ್ಲಿ ಏನಾದ್ರೂ ಸಿಕ್ತಾ?"

"ಇನ್ನೂ ನೋಡ್ತಿದ್ದೀನಿ ಸರ್."

ಅರ್ಧ ಬೆಂದದ್ದನ್ನು ಬಡಿಸುವ ಅಭ್ಯಾಸ ಅವಳಿಗಿರಲಿಲ್ಲ. ಹಾಗಾಗಿ ಆ ಎರಡು ಸಂಖ್ಯೆಗಳ ಮಾತನ್ನೇ ಅವಳು ಎತ್ತಲಿಲ್ಲ. ಅವನ್ನು ಕಂಡ ಕಣ್ಣು ಸದ್ಯಕ್ಕೆ ಅವಳದ್ದು ಮಾತ್ರ.

ಹಸಿರು ಸಂಖ್ಯೆಯನ್ನು ಮುಕುಂದಯ್ಯ ಪಿಯುಸಿಯ ಪ್ರತಿ ತರಗತಿಗೂ, ಸಮೀಕ್ಷಾಳ ತರಗತಿಗೂ, ಒಮ್ಮೆ ಹಬ್ಬದಡುಗೆಯ ಹಾಗೆ ಉಣಬಡಿಸುತ್ತಿದ್ದರು. ಬೋರ್ಡಿನ ತುಂಬ ದೊಡ್ಡದಾಗಿ ಬರೆದು, ಕೈಯ ಸೀಮೆಸುಣ್ಣ ಝಾಡಿಸಿ ತಿರುಗುತ್ತಿದ್ದರು.

"ಮೂವತ್ತೆಂಟು ಕೋಟಿ ಹದಿನಾರು ಲಕ್ಷದ ಐವತ್ನಾಲ್ಕು ಸಾವಿರದ ಏಳುನೂರ ಇಪ್ಪತ್ತೊಂಬತ್ತು. ಒಂದರಿಂದ ಒಂಬತ್ತು, ಎಲ್ಲ ಅಂಕಿನೂ ಒಂದೊಂದೇ ಸಲ ಇದೆ, ನೋಡ್ಕೊಳ್ಳಿ. ಮೊದಲ ಎರಡಂಕಿ, ಮೂವತ್ತೆಂಟು, ಎರಡಕ್ಕೆ ಹೋಗುತ್ತೆ. ಮೊದಲ ಮೂರು, ಮುನ್ನೂರ ಎಂಬತ್ತೊಂದು, ಮೂರಕ್ಕೆ ಹೋಗುತ್ತೆ. ಮೊದಲ ನಾಲ್ಕು ನಾಲ್ಕಕ್ಕೆ, ಮೊದಲ ಐದು ಐದಕ್ಕೆ. ಹಿಂಗೇ ಒಂಬತ್ತರ ತನಕ ಹೋಗಿ. ಎಲ್ಲೂ ಶೇಷ ಉಳಿಯಲ್ಲ."

ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಅವರಿಗೆ ಅದರ ಪರಿವೆ ಇರಲಿಲ್ಲ.

"ಒಂಬತ್ತು ಅಂಕಿನ ಹಿಂದೆ ಮುಂದೆ ಜೋಡಿಸಿದ್ರೆ ಮೂರು ಲಕ್ಷದ ಅರವತ್ತೆರಡು ಸಾವಿರದ ಎಂಟುನೂರ ಎಂಬತ್ತು ಸಂಖ್ಯೆ ಆಗ್ತವೆ. ಅಷ್ಟರಲ್ಲಿ ಈ ಗುಣ ಇರೋದು ಇದೊಂದಕ್ಕೇ. ಐದನೇ ಮನೆಯಲ್ಲಿ ಐದೇ ಕೂರಬೇಕು, ಸೊನ್ನೆ ಇಲ್ವಲ್ಲ. ಎರಡು, ನಾಲ್ಕು, ಆರು, ಎಂಟನೇ ಮನೆಯಲ್ಲಿ ಸಮಸಂಖ್ಯೆನೇ ಕೂರಬೇಕು. ಒಂದೊಂದೇ ಬಾಗಿಲು ಮುಚ್ಚಿಕೊಂಡು ಬನ್ನಿ, ಕೊನೆಗೆ ಉಳಿಯೋದು ಇವನೊಬ್ಬ."

ಇಂಥ ಮನುಷ್ಯ ಬೀಗಕ್ಕೆ ಇನ್ಯಾವ ಸಂಖ್ಯೆ ಇಟ್ಟಾರು? ಅದರಲ್ಲಿ ಆಶ್ಚರ್ಯವಿರಲಿಲ್ಲ. ಸಮೀಕ್ಷಾಳನ್ನು ಹಿಡಿದು ನಿಲ್ಲಿಸಿದ್ದು ಕೆಂಪು ಸಂಖ್ಯೆ.

ಅವಳು ಮೇಜಿನ ಮೇಲಿದ್ದ ಹಳೆಯ ಪತ್ರಿಕೆಯ ಅಂಚಿನಲ್ಲಿ ಅದನ್ನು ಬರೆದು ನೋಡಿದಳು. 927456183. ಹಸಿರು ಸಂಖ್ಯೆಯನ್ನು ಬಾಲದಿಂದ ಹಿಡಿದು ತಲೆಯವರೆಗೆ ಓದಿದರೆ ಬರುವುದು ಇದೇ. ಒತ್ತಿದವರಿಗೆ ಒಂಬತ್ತು ಅಂಕಿಯೂ ಗೊತ್ತಿತ್ತು, ಕ್ರಮವೂ ಗೊತ್ತಿತ್ತು. ದಿಕ್ಕು ಮಾತ್ರ ತಪ್ಪಿತ್ತು.

ಮುಕುಂದಯ್ಯನವರ ಶಿಷ್ಯರು ಯಾರೂ ಈ ತಪ್ಪು ಮಾಡುವವರಲ್ಲ. ತೊಂಬತ್ತೆರಡು ಎರಡಕ್ಕೆ ಹೋಗುತ್ತದೆ, ಒಂಬೈನೂರ ಇಪ್ಪತ್ತೇಳು ಮೂರಕ್ಕೆ ಹೋಗುತ್ತದೆ, ಆದರೆ 9274 ನಾಲ್ಕಕ್ಕೆ ಹೋಗುವುದಿಲ್ಲ. ನಾಲ್ಕನೆಯ ಮನೆಯಲ್ಲೇ ಅದು ಮುಗ್ಗರಿಸುತ್ತದೆ. ಉಮೇಶನಿಗಂತೂ ಈ ಯಾವ ರಗಳೆಯೂ ಬೇಡ. ಕೂರಿಸಿದವನಿಗೆಂದೇ ಬೀಗದಲ್ಲಿ ಬೇರೆ ಗುಟ್ಟಿನ ಸಂಖ್ಯೆಯಿತ್ತು. ಹಾಗಿದ್ದರೆ ಈ ಸಂಖ್ಯೆ ಯಾವ ದಾರಿಯಿಂದ, ಯಾರ ಕೈಗೆ ಬಂತು?

"ಎಂತ ಮೇಡಮ್ಮೋರೆ, ಬೀಗದ ಸಂಗಡ ಮಾತಾ?"

ಕೆಳಗಿನ ಮನೆಯ ದುಗ್ಗಮ್ಮ ಲೋಟದಲ್ಲಿ ಕಷಾಯ ಹಿಡಿದು ಬಂದಿದ್ದರು. ಈ ಮಹಡಿಯ ಒಡತಿ ಅವರೇ. ಪೊಲೀಸರು ಬಂದು ಹೋಗಲು ಶುರುವಾದಾಗಿನಿಂದ ಅವರ ಮನೆಯ ಜೀರಿಗೆ ಕೊತ್ತಂಬರಿ ಡಬ್ಬಿಗೆ ಬಿಡುವಿರಲಿಲ್ಲ.

"ಬಾಯಲ್ಲಿ ಲೆಕ್ಕ ಮಾಡ್ತಿದ್ದೆ ದುಗ್ಗಮ್ಮೋರೆ."

"ಮುಕುಂದಯ್ಯೋರೂ ಹಂಗೇ. ಬೀರು ತೆಗೆವಾಗ ಅದರ ಹತ್ರ ಗೊಣಗೋರು. ಗಜಪತಿ ಮಾವ ಸರಳ, ಗಜಪತಿ ಮಾವ ಸರಳ ಅಂತ. ಯಾರು ಮಾರಾಯ್ರೆ ಈ ಗಜಪತಿ ಮಾವ ಅಂದ್ರೆ ನಗೋರು. ಅವರ ಕಡೆ ಅಂಥ ಮಾವ ಯಾರೂ ಇರ್ಲಿಲ್ಲ. ನಾ ಅವರಕ್ಕನ ಹತ್ರನೂ ಕೇಳಿದೀನಿ."

"ಬೀರು ತೆಗೆವಾಗಲೇ ಹೇಳ್ತಿದ್ರಾ?"

"ಆಗ್ಲೇ. ಒಂದೊಂದು ಅಕ್ಷರ ಎಳೆದು ಎಳೆದು, ಒಂದೊಂದು ಗುಂಡಿ ಒತ್ತೋರು."

ಗುಟ್ಟು ಕಾಯಲು ಬೀಗ ಹಾಕಿಸಿ, ಆ ಗುಟ್ಟನ್ನೇ ಬಾಯಿಬಿಟ್ಟು ಗೊಣಗುವ ಜಾಣತನ ಗಣಿತದವರಿಗೇ ಸಾಧ್ಯ. ಸಮೀಕ್ಷಾಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳು ಬೆರಳು ಮಡಚಿ ಎಣಿಸುತ್ತಿದ್ದಳು. ಗ, ಜ, ಪ, ತಿ. ಮಾ, ವ. ಸ, ರ, ಳ. ಒಂಬತ್ತು ಅಕ್ಷರ, ಒಂಬತ್ತು ಅಂಕಿ.

ಕಟಪಯಾದಿ. ಅಕ್ಷರಗಳಲ್ಲಿ ಅಂಕಿ ಅಡಗಿಸುವ ಹಳೆಯ ಲೆಕ್ಕ. ಕ ಒಂದು, ಖ ಎರಡು, ಗ ಮೂರು, ಹೀಗೆ ಒಂಬತ್ತರವರೆಗೆ. ಟ, ಪ, ಯ ಅಕ್ಷರಗಳಿಂದ ಮತ್ತೆ ಒಂದರಿಂದ ಶುರು. ಸಂಗೀತದವರು ರಾಗದ ಹೆಸರಿನಿಂದ ಅದರ ಮೇಳದ ಸಂಖ್ಯೆ ಕಂಡುಕೊಳ್ಳುವುದು ಹೀಗೆಯೇ. ಮಾಯಾಮಾಳವಗೌಳ ಎಂದರೆ ಮಾ ಐದು, ಯಾ ಒಂದು. ಆದರೆ ಅದು ಐವತ್ತೊಂದನೆಯ ಮೇಳವಲ್ಲ, ಹದಿನೈದನೆಯದು. ಅಂಕಿಗಳನ್ನು ಕೊನೆಯಿಂದ ಓದಬೇಕು ಎಂಬುದು ಆ ಲೆಕ್ಕದ ಕಟ್ಟಳೆ.

ಸಮೀಕ್ಷಾ ಪೆನ್ಸಿಲ್ ಹಿಡಿದು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದಳು. ಕೈ ತಾನಾಗಿ ಓಡಿತು. ಳ ಒಂಬತ್ತು, ರ ಎರಡು, ಸ ಏಳು, ವ ನಾಲ್ಕು, ಮಾ ಐದು, ತಿ ಆರು, ಪ ಒಂದು, ಜ ಎಂಟು, ಗ ಮೂರು.

ಬರೆದು ಮುಗಿಸಿ ನೋಡಿದರೆ ಕಾಗದದ ಮೇಲೆ ಕೆಂಪು ಸಂಖ್ಯೆ ಕೂತಿತ್ತು.

ಮುಕುಂದಯ್ಯ ಗಣಿತದವರು, ಕಟ್ಟಳೆಗೆ ಕೈಕೊಟ್ಟು ಆ ಮಾತನ್ನು ನೇರವಾಗಿ ಕಟ್ಟಿದ್ದರು. ನೇರವಾಗಿ ಓದಿದರೆ ಹಸಿರು ಸಂಖ್ಯೆಯೇ ಬರುತ್ತಿತ್ತು. ಬೀಗ ಒತ್ತಿದವರು ಮಾಡಿದ ತಪ್ಪನ್ನೇ ಅವಳ ಕೈಯೂ ಮಾಡಿತ್ತು, ಅದೂ ಒಂದು ಕ್ಷಣ ಅನುಮಾನಿಸದೆ. ಅಂದರೆ ಅವಳು ಎಲ್ಲಿ ಕಲಿತಳೋ ಒತ್ತಿದವರು ಕಲಿತದ್ದೂ ಅಲ್ಲೇ.

ಅವಳಿಗೆ ಈ ಲೆಕ್ಕ ಕಲಿಸಿದ್ದು ಶಾಲೆಯಲ್ಲ, ಪಾಠಶಾಲೆಯಲ್ಲ. ಹೊಸನಗರದ ಮನೆಯ ಜಗಲಿಯಲ್ಲಿ, ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಅವಳ ತಾಯಿ, ಸಂಗೀತದ ಮೇಷ್ಟ್ರಮ್ಮ ನಾಗರತ್ನಮ್ಮ.

"ಕಷಾಯ ಆರ್ತದೆ ಮೇಡಮ್ಮೋರೆ" ಎಂದರು ದುಗ್ಗಮ್ಮ. ಸಮೀಕ್ಷಾ ಪತ್ರಿಕೆಯ ಅಂಚನ್ನು ಹರಿದು ಜೇಬಿಗೆ ಹಾಕಿಕೊಂಡಳು.

* * *

ಹೊಸನಗರದ ದಾರಿಯುದ್ದಕ್ಕೂ ಸಮೀಕ್ಷಾ ತನ್ನೊಡನೆ ತಾನೇ ವಾದಿಸಿದಳು. ಕಟಪಯಾದಿ ಬಲ್ಲವರು ಅಮ್ಮ ಒಬ್ಬರೇನಾ? ಮಠದ ಪಂಡಿತರಿದ್ದಾರೆ, ಜ್ಯೋತಿಷಿಗಳಿದ್ದಾರೆ. ಅವರಲ್ಲಿ ಯಾರಾದರೂ ಆಗಬಹುದು. ಕವಲೇದುರ್ಗಕ್ಕೆ ತಿರುಗುವ ಕೈಮರ ದಾಟುವ ಹೊತ್ತಿಗೆ ವಾದ ಸೋತಿತ್ತು. ಮುಕುಂದಯ್ಯ ಊರಿನ ಸಂಗೀತ ಕಛೇರಿಗಳಿಗೆಲ್ಲ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು. ಹಾಡು ಮುಗಿದ ಮೇಲೆ ಅಮ್ಮನ ಹತ್ತಿರ ನಿಂತು ರಾಗಗಳ ಸಂಖ್ಯೆಯ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದುದನ್ನು ಅವಳೇ ಕಂಡಿದ್ದಳು.

ನಾಗರತ್ನಮ್ಮ ಮೊಬೈಲಿನಲ್ಲಿ ಪಾಠ ಹೇಳುತ್ತಿದ್ದರು. ಮಗಳ ಮುಖ ನೋಡಿದ್ದೇ, "ನಾಳೆ ಮುಂದುವರಿಸುವ" ಎಂದು ಅತ್ತ ಕಡೆಯವರಿಗೆ ಹೇಳಿ ಫೋನ್ ಇಟ್ಟರು. ಶ್ರುತಿಪೆಟ್ಟಿಗೆ ನಿಲ್ಲಿಸಲು ಮರೆತರು.

"ಎಂತ ಇಷ್ಟೊತ್ತಿಗೆ? ಊಟ ಆಯ್ತಾ?"

"ಅಮ್ಮ, ಒಂದು ಲೆಕ್ಕ ಕೇಳ್ತೀನಿ. ಗಜಪತಿ ಮಾವ ಸರಳ. ಎಷ್ಟು?"

ಯಾರಿಗೇ ಆದರೂ ಒಂಬತ್ತು ಅಕ್ಷರ ಲೆಕ್ಕ ಹಾಕಲು ಒಂದಿಷ್ಟು ಹೊತ್ತು ಬೇಕು. ಕಣ್ಣು ಮೇಲೆ ಹೋಗಬೇಕು, ತುಟಿ ಅಲ್ಲಾಡಬೇಕು.

"ಒಂಬತ್ತು, ಎರಡು, ಏಳು" ಎಂದವರೇ ನಾಗರತ್ನಮ್ಮ ಬಾಯಿ ಮುಚ್ಚಿಕೊಂಡರು.

ಸಮೀಕ್ಷಾ ಗೋಡೆಗೆ ಒರಗಿದಳು.

"ಒಂದು ವಾರದಿಂದ ಈ ಕೇಸು ನಿನ್ನೆದುರೇ ಹೇಳ್ತಿದ್ದೀನಿ ಅಮ್ಮ. ಆ ಹುಡುಗಿ ಬಸುರಿ, ಬೆಂಚಿನ ಮೇಲೆ ಕೂತಿದಾಳೆ ಅಂದೆ. ನೀನು ಸಾರು ಬಡಿಸ್ತಾ ಇದ್ದೆ."

"ಬಡಿಸ್ತಾ ಇದ್ದೆ." ನಾಗರತ್ನಮ್ಮನ ದನಿ ಒಡೆಯಿತು. "ನನಗೆ ಒಂದಗುಳು ಇಳೀತಿರ್ಲಿಲ್ಲ. ನೀ ನೋಡ್ಲಿಲ್ಲ."

"ನೀನು ಅಲ್ಲಿಗೆ ಯಾಕೆ ಹೋದೆ?"

"ಅವತ್ತು ಬೆಳಿಗ್ಗೆ ಅವರ ಫೋನ್ ಬಂತು. ಬೀರುವಿನಲ್ಲಿ ಒಂದು ಪುಟ್ಟ ಡಬ್ಬಿ ಇದೆ, ನೀವು ಬಂದು ತಗೊಂಡು ಹೋಗಿ, ಮಗಳ ಕೈಗೇ ಕೊಡಿ, ಸ್ಟೇಷನ್ನಿಗೆ ಮಾತ್ರ ಕಳಿಸ್ಬೇಡಿ ಅಂದ್ರು."

"ಸ್ಟೇಷನ್ನಿಗೆ ಬೇಡ ಅಂದ್ರಾ? ಯಾಕೆ?"

"ಕೇಳ್ದೆ. ಬನ್ನಿ, ಹೇಳ್ತೀನಿ, ನಾನಿಲ್ಲದಿದ್ರೆ ಗಜಪತಿ ಮಾವನ್ನ ಕೇಳಿ, ಬೀಗ ತೆಗೀತಾನೆ ಅಂದ್ರು. ಆ ಅಕ್ಷರದ ಲೆಕ್ಕ ಅವರಿಗೆ ಕಲಿಸಿದ್ದೇ ನಾನಲ್ದಾ? ನಗಾಡ್ದೆ. ಬಸ್ಸಿನಲ್ಲಿ ಕೂತು ಬೆರಳಲ್ಲೇ ಲೆಕ್ಕ ಹಾಕ್ದೆ. ನಾ ಕಲಿಸಿದ ಹಾಗೇ ಕಟ್ಟಿರ್ತಾರೆ ಅಂದ್ಕೊಂಡೆ."

"ಆಮೇಲೆ?"

ನಾಗರತ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

"ಬಾಗಿಲು ತೆಗೆದಿತ್ತು. ಒಳಗಿನ ಕೋಣೆಯಲ್ಲಿ ಮಾತು ಕೇಳ್ತು. ನಂಬರ್ ಹೇಳಿ, ಇಲ್ದಿದ್ರೆ ಸುಮ್ನೆ ಬಿಡಲ್ಲ ಅಂತ ಯಾರೋ ಗಂಡಸು. ಮುಕುಂದಯ್ಯೋರು ನರಳಿದ ಹಾಗೆ ಕೇಳ್ತು. ಓಡಿ ಹೋಗ್ಬೇಕು ಅನ್ನಿಸ್ತು. ಅಷ್ಟರಲ್ಲಿ ಹಜಾರದಲ್ಲಿ ಬೀರು ಕಂಡ್ತು. ಅವರು ಅಷ್ಟು ಹೇಳಿದಾರೆ, ಡಬ್ಬಿನಾದ್ರೂ ಉಳೀಲಿ ಅಂತ ಒತ್ತಿಬಿಟ್ಟೆ."

"ಕೆಂಪು ಬಂತು."

"ಕೆಂಪೂ ಬಂತು, ಕುಂಯ್ ಅಂತ ಸದ್ದೂ ಆಯ್ತು. ಒಳಗಿಂದ, ಯಾರದು, ಅಂದ ಅವನು. ನಾ ಹಿಂದಿನ ಮೆಟ್ಟಿಲಲ್ಲಿ ಇಳಿದು ಓಡಿದೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬಸ್ ಸ್ಟ್ಯಾಂಡಿನ ತನಕ ಹೋಗಿದೀನಿ ಕಣೇ."

"ನೀನು ಓಡುವಾಗ ಆ ಕೆಂಪು ಅಂಕಿಗಳು ಪರದೆ ಮೇಲೆ ಇದ್ವಾ?"

"ಇದ್ವು. ಯಾಕೆ?"

ಸಮೀಕ್ಷಾ ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿದಳು. ಒಳಗಿದ್ದವನು ಹೊರಗೆ ಬಂದಿದ್ದಾನೆ. ಕೆಂಪು ಸಂಖ್ಯೆಯನ್ನು ಕಂಡಿದ್ದಾನೆ. ಒಂಬತ್ತು ಅಂಕಿ, ಒಂದೂ ಎರಡು ಸಲ ಇಲ್ಲ, ನಟ್ಟನಡುವೆ ಐದು. ನಾಲ್ಕನೆಯ ಮನೆಯಲ್ಲಿ ಮುಗ್ಗರಿಸುತ್ತದೆ, ತಿರುಗಿಸಿದರೆ ಎಲ್ಲಿಯೂ ಮುಗ್ಗರಿಸುವುದಿಲ್ಲ. ಹಾಗೆ ತಿರುಗಿಸಬೇಕೆಂದು ಹೊಳೆಯುವುದು ಮುಕುಂದಯ್ಯನವರ ತರಗತಿಯಲ್ಲಿ ಕೂತು ಎದ್ದವನಿಗೇ. ಅವನು ತಿರುಗಿಸಿ ಒತ್ತಿದ್ದಾನೆ, ಹಸಿರು ಬಂದಿದೆ. ಸಂಖ್ಯೆ ಸಿಕ್ಕ ಮೇಲೆ, ತಡೆಯಲು ಬೀರುವಿನ ತನಕ ಬಂದ ಮುಕುಂದಯ್ಯನವರು ಅವನಿಗೆ ಬೇಕಿರಲಿಲ್ಲ.

ಮಗಳ ಮುಖ ಓದುವುದು ತಾಯಿಗೆ ಹೊಸದಲ್ಲ. ನಾಗರತ್ನಮ್ಮ ನಿಂತಲ್ಲೇ ಕುಸಿದು ಕೂತರು.

"ನಾನೇ ಅವನಿಗೆ ಹೇಳಿಕೊಟ್ಟ ಹಾಗಾಯ್ತಲ್ದಾ? ನಾ ಒತ್ತದೆ ಹೋಗಿದ್ರೆ ಅವರು ಬದುಕ್ತಿದ್ರು."

"ಅದು ಯಾರಿಗೆ ಗೊತ್ತು ಅಮ್ಮ."

"ನನಗೆ ಗೊತ್ತು."

ಶ್ರುತಿಪೆಟ್ಟಿಗೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಸಮೀಕ್ಷಾ ಹೋಗಿ ಅದನ್ನು ನಿಲ್ಲಿಸಿದಳು. ಮನೆ ಒಮ್ಮೆಗೇ ಖಾಲಿ ಅನ್ನಿಸಿತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಯಾರಿಗೆ ಹೆದರಿದೆ?"

"ನಿನಗೇ. ಅಲ್ಲ, ನಿನ್ನ ಸಲುವಾಗಿ. ಪೊಲೀಸಿನವಳ ತಾಯಿ ಕೊಲೆ ಆದ ಮನೆಯಲ್ಲಿ ಬೀರು ತೆಗೀಲಿಕ್ಕೆ ಹೋಗಿದ್ಲು ಅಂದ್ರೆ ನಿನ್ನ ಕೆಲಸ ಉಳೀತದಾ? ದಿನಾ ಬೆಳಿಗ್ಗೆ ಇವತ್ತು ಹೇಳುವ ಅಂತ ಏಳ್ತಿದ್ದೆ. ನೀ ಯೂನಿಫಾರ್ಮ್ ಹಾಕ್ಕೊಂಡು ಬಂದು ನಿಂತ ಕೂಡ್ಲೆ ಬಾಯಿ ಬರ್ತಿರ್ಲಿಲ್ಲ."

ಸಮೀಕ್ಷಾಳಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದು ಯಾವುದೂ ಹೊರಗೆ ಬೀಳಲಿಲ್ಲ. ಉಮೇಶನನ್ನು ಬಿಡಿಸಬಲ್ಲ ಸಾಕ್ಷಿ ಇಡೀ ಜಿಲ್ಲೆಯಲ್ಲಿ ಒಂದೇ. ಆ ಸಾಕ್ಷಿಯನ್ನು ಕೋರ್ಟಿನಲ್ಲಿ ನಿಲ್ಲಿಸಿದರೆ ಮೊದಲ ಪ್ರಶ್ನೆ ಕಳ್ಳತನದ್ದು, ಎರಡನೆಯದು ಕೊಲೆಯದ್ದು. ಒಳಗೆ ಬೇರೊಬ್ಬನಿದ್ದ ಎನ್ನಲು ಅಮ್ಮನ ಬಾಯಿಮಾತು ಬಿಟ್ಟು ಬೇರೇನೂ ಇರಲಿಲ್ಲ.

ಅವಳು ಬಾಯಿ ತೆರೆಯುವ ಮೊದಲೇ ನಾಗರತ್ನಮ್ಮ ಎದ್ದು ಮುಖ ತೊಳೆದು ಬಂದರು. ಹಣೆಗೆ ಕುಂಕುಮವಿಟ್ಟುಕೊಂಡು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡರು.

"ನಡಿ. ಕೋರ್ಟಿಗೆ ಹೋಗುವ ಮೊದಲು ಹೇಳ್ಬೇಕು. ಬೇರೆಯವರ ಮನೆ ಮಗ ನನ್ನ ಸಲುವಾಗಿ ಯಾಕೆ ಜೈಲಿಗೆ ಹೋಗ್ಬೇಕು? ಆದದ್ದಾಗ್ಲಿ."

"ಅಮ್ಮ, ನಿನ್ನನ್ನೇ ಹಿಡ್ಕೊಳ್ತಾರೆ."

"ಹಿಡ್ಕೊಳ್ಳಲಿ. ನೀನಿದೀಯಲ್ಲ."

ಫೋನ್ ಬಡಿದುಕೊಂಡಿತು. ಇನ್ಸ್‌ಪೆಕ್ಟರ್ ದೀಪಕ್. ಸಮೀಕ್ಷಾ ಒಂದು ಉಸಿರು ಎಳೆದುಕೊಂಡಳು. ಅಮ್ಮನಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು. ಹೇಳಬೇಕಾದ ವಾಕ್ಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು: ಸರ್, ಉಮೇಶನನ್ನು ಕಳಿಸಬೇಡಿ.

ಅಷ್ಟರಲ್ಲಿ ಅತ್ತಲಿಂದಲೇ ಮಾತು ಬಂತು.

"ಸಮೀಕ್ಷಾ ಅವ್ರೇ, ಇನ್ನು ಬೀಗದ ಹಿಂದೆ ಬೀಳಬೇಡಿ. ಉಮೇಶ ಒಪ್ಕೊಂಡ. ಎಲ್ಲ ಬಾಯಿಬಿಟ್ಟ. ಮೊದಲು ಉಲ್ಟಾ ಒತ್ತಿದನಂತೆ. ಒಂಬತ್ತು ಎರಡು ಏಳು, ನಾಲ್ಕು ಐದು ಆರು, ಒಂದು ಎಂಟು ಮೂರು. ಕೆಂಪು ದೀಪ ಬಂತಂತೆ. ಆಮೇಲೆ ಸರಿಯಾಗಿ ಒತ್ತಿ ತೆಗೆದನಂತೆ."

ಸಮೀಕ್ಷಾಳ ನಾಲಿಗೆಯ ತುದಿಯ ವಾಕ್ಯ ಅಲ್ಲೇ ಒಣಗಿತು.

ಆ ಸಂಖ್ಯೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಂಪನಿಯವನು ಕಂಡಿರಲಿಲ್ಲ. ಉಮೇಶ ವಾರದಿಂದ ಲಾಕಪ್ಪಿನಲ್ಲಿದ್ದ. ಅದನ್ನು ಒತ್ತಿದವರು ಅವಳ ಎದುರಿಗೇ ಚಪ್ಪಲಿ ಮೆಟ್ಟಿ ನಿಂತಿದ್ದರು. ಅದನ್ನು ಕಂಡವನು ಇನ್ನೊಬ್ಬನೇ ಒಬ್ಬ, ಆ ಮಧ್ಯಾಹ್ನ ಒಳಗಿನ ಕೋಣೆಯಿಂದ ಹೊರಗೆ ಬಂದವನು.

ನಾಗರತ್ನಮ್ಮ ಮಗಳ ತೋಳನ್ನು ಬಿಗಿಯಾಗಿ ಹಿಡಿದರು. ಶ್ರುತಿ ಒಂದೆಳೆ ಇಳಿದರೂ ಗೊತ್ತುಮಾಡುವ ಆ ಕಿವಿ ಫೋನಿನ ಕಡೆಗೆ ವಾಲಿತ್ತು.

"ಇದೇ ದನಿ" ಎಂದರು ಅವರು, ಪಿಸುದನಿಯಲ್ಲಿ. "ನಂಬರ್ ಹೇಳಿ ಅಂದದ್ದು. ಯಾರದು ಅಂದದ್ದು."

ಸ್ಪೀಕರ್ ಇನ್ನೂ ತೆರೆದೇ ಇತ್ತು.

"ಪಕ್ಕದಲ್ಲಿ ಯಾರದು, ಸಮೀಕ್ಷಾ ಅವ್ರೇ? ಅಮ್ಮನಾ?" ದೀಪಕ್ ಬಹಳ ಮೆತ್ತಗೆ ಕೇಳಿದ. "ದುಗ್ಗಮ್ಮ ಹೇಳಿದ್ರು, ನೀವು ಕಷಾಯನೂ ಕುಡೀದೆ ಹೊರಟ್ರಿ ಅಂತ. ಅದಕ್ಕೇ ನಾನೂ ಬಂದೆ. ಹೊರಗೆ ಇದ್ದೀನಿ, ಅಮ್ಮನಿಗೆ ಬಾಗಿಲು ತೆಗೀಲಿಕ್ಕೆ ಹೇಳಿ."

ಅಂಗಳದ ಗೇಟಿನ ಕೊಂಡಿ ತೆಗೆದ ಸದ್ದು ಫೋನಿನಲ್ಲೂ ಕೇಳಿಸಿತು, ಕಿಟಕಿಯಿಂದಲೂ ಕೇಳಿಸಿತು.